ಷೇರುಪೇಟೆಯ ಪರದೆ: ಕಾಣುವುದೇನು, ಕಾಣದಿರುವುದೇನು?

ಒಂದು ಕಾಲದಲ್ಲಿ ಷೇರುಗಳ ಕ್ರಯವಿಕ್ರಯವು ಮುಂಬೈಯ ದಲಾಲ್ ಸ್ಟ್ರೀಟ್‌ನ ವಹಿವಾಟಿನ ಅಂಗಳದಲ್ಲಿ ದಲ್ಲಾಳಿಗಳ ಕೂಗು ಹಾಗೂ ಕೈಸನ್ನೆಗಳ ಮೂಲಕ ನಡೆಯುತ್ತಿತ್ತು. ತನ್ನ ಷೇರು ಯಾವ ಗಳಿಗೆಯಲ್ಲಿ, ಯಾವ ಬೆಲೆಗೆ ಮಾರಾಟವಾಯಿತೆಂಬುದನ್ನು ಅಂಗಳದ ಹೊರಗಿದ್ದ ಹೂಡಿಕೆದಾರನು ಖಚಿತಪಡಿಸಿಕೊಳ್ಳುವುದು ಸುಲಭವಾಗಿರಲಿಲ್ಲ. 1994ರ ನವೆಂಬರ್‌ನಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ಉಪಗ್ರಹ ಸಂಪರ್ಕ ಹೊಂದಿದ ಗಣಕಯಂತ್ರಗಳ ಮೂಲಕ ಷೇರು ವಹಿವಾಟನ್ನು ಆರಂಭಿಸಿತು. 1995ರಲ್ಲಿ ಮುಂಬೈ ಷೇರು ವಿನಿಮಯ ಕೇಂದ್ರವೂ ಇದೇ ಮಾರ್ಗವನ್ನು ಅನುಸರಿಸಿತು. ಇದರಿಂದಾಗಿ ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಬೆಲೆಪಟ್ಟಿ ಲಭ್ಯವಾಯಿತು. ಆದರೆ ಈ ಪಟ್ಟಿಯನ್ನು ಸರಿಯಾಗಿ ಓದಲು ತಿಳಿಯದವನಿಗೆ ಅದು ನಷ್ಟಕ್ಕೂ ದಾರಿಯಾಗಬಲ್ಲದು.

ಆದೇಶಗಳ ಸರದಿ

ಕೊಳ್ಳುವವರ ಹಾಗೂ ಮಾರುವವರ ಆದೇಶಗಳು ವಿನಿಮಯ ಕೇಂದ್ರದ ಗಣಕಯಂತ್ರವನ್ನು ತಲಪಿ ಎರಡು ಸಾಲುಗಳಲ್ಲಿ ನಿಲ್ಲುತ್ತವೆ. ಕೊಳ್ಳುವವರಲ್ಲಿ ಅತಿ ಹೆಚ್ಚು ಬೆಲೆ ನೀಡುವವನಿಗೂ, ಮಾರುವವರಲ್ಲಿ ಅತಿ ಕಡಿಮೆ ಬೆಲೆ ಕೇಳುವವನಿಗೂ ಮೊದಲ ಸ್ಥಾನ ದೊರೆಯುತ್ತದೆ. ಇಬ್ಬರು ಒಂದೇ ಬೆಲೆ ಸೂಚಿಸಿದ್ದರೆ ಮೊದಲು ಬಂದ ಆದೇಶಕ್ಕೆ ಆದ್ಯತೆ. ಸಾಮಾನ್ಯ ಪರದೆಯಲ್ಲಿ ಎರಡೂ ಕಡೆಯ ಅತ್ಯುತ್ತಮ ಐದು ಬೆಲೆಗಳನ್ನೂ ಆಯಾ ಬೆಲೆಯಲ್ಲಿರುವ ಷೇರುಗಳ ಸಂಖ್ಯೆಯನ್ನೂ ತೋರಿಸಲಾಗುತ್ತದೆ. ಆದೇಶ ನೀಡಿದವರು ಯಾರೆಂಬುದು ಮಾತ್ರ ಗೋಪ್ಯವಾಗಿರುತ್ತದೆ.

ಒಂದು ನಿದರ್ಶನ

ಒಂದು ಕಂಪನಿಯ ಷೇರಿಗೆ ಪರದೆಯ ಮೇಲೆ ಈ ಆದೇಶಗಳಿವೆಯೆಂದು ಭಾವಿಸೋಣ.

ಮಾರುವವರು: ರೂ. 250.00ಕ್ಕೆ 200 ಷೇರು, ರೂ. 250.20ಕ್ಕೆ 300 ಷೇರು, ರೂ. 250.50ಕ್ಕೆ 500 ಷೇರು.

ಕೊಳ್ಳುವವರು: ರೂ. 249.90ಕ್ಕೆ 400 ಷೇರು, ರೂ. 249.70ಕ್ಕೆ 600 ಷೇರು.

ಬೆಲೆಯನ್ನು ನಮೂದಿಸದೆ, ಪೇಟೆಯಲ್ಲಿ ದೊರೆತ ದರಕ್ಕೆ ವ್ಯವಹರಿಸುವ ಆದೇಶವನ್ನು ‘ಮಾರ್ಕೆಟ್ ಆರ್ಡರ್’ ಎನ್ನುತ್ತಾರೆ. ಒಬ್ಬನು ಹೀಗೆ 600 ಷೇರುಗಳನ್ನು ಕೊಂಡರೆ ಮೊದಲ 200 ಷೇರುಗಳು ಮಾತ್ರ ರೂ. 250.00ಕ್ಕೆ ಸಿಗುತ್ತವೆ. ಮುಂದಿನ 300 ಷೇರುಗಳಿಗೆ ರೂ. 250.20 ಹಾಗೂ ಉಳಿದ 100 ಷೇರುಗಳಿಗೆ ರೂ. 250.50 ತೆರಬೇಕು. ಒಟ್ಟು ವೆಚ್ಚ ರೂ. 1,50,110. ಬೇರಾವ ಆದೇಶವೂ ಬಾರದಿರುವಾಗ ಮರುಕ್ಷಣವೇ ಅವನ್ನು ಅದೇ ರೀತಿ ಮಾರಿದರೆ ಕೈಸೇರುವುದು ರೂ. 1,49,900. ದಲ್ಲಾಳಿ ಶುಲ್ಕ ಹಾಗೂ ತೆರಿಗೆಗಳನ್ನು ಲೆಕ್ಕಿಸುವ ಮೊದಲೇ ರೂ. 210 ನಷ್ಟ. ದಿನಕ್ಕೆ ಹಲವು ಬಾರಿ ಕೊಂಡು ಮಾರುವವನು ಇಂತಹ ಅಂತರವನ್ನು ಪ್ರತಿ ಬಾರಿಯೂ ತೆರುತ್ತಿರುತ್ತಾನೆ.

ಪರದೆಯಲ್ಲಿ ಕಾಣದಿರುವುದು

ದೊಡ್ಡ ಆದೇಶದ ಒಂದು ಭಾಗವನ್ನಷ್ಟೇ ಬಹಿರಂಗಪಡಿಸಲು ನಿಯಮಗಳಲ್ಲಿ ಅವಕಾಶವಿದೆ. ಬೆಲೆ ನಿಗದಿತ ಮಟ್ಟ ತಲಪಿದಾಗ ಮಾತ್ರ ಜಾರಿಗೆ ಬರುವ ‘ಸ್ಟಾಪ್ ಲಾಸ್’ ಆದೇಶಗಳು ಅಲ್ಲಿಯವರೆಗೆ ಪಟ್ಟಿಯಲ್ಲಿ ಗೋಚರಿಸುವುದಿಲ್ಲ. ಕಾಣುವ ಆದೇಶಗಳನ್ನೂ ವ್ಯವಹಾರ ಕುದುರುವ ಮುನ್ನ ಹಿಂತೆಗೆದುಕೊಳ್ಳಬಹುದು. ಬೇಡಿಕೆಯ ಭ್ರಮೆ ಹುಟ್ಟಿಸಲೆಂದೇ ಹುಸಿ ಆದೇಶ ನೀಡುವುದು ನಿಷಿದ್ಧ. ಆದರೆ ಯಾವ ಆದೇಶ ಹುಸಿಯೆಂದು ಪರದೆ ಹೇಳುವುದಿಲ್ಲ. ಆದ್ದರಿಂದ ಕೊಳ್ಳುವವರ ಸಂಖ್ಯೆ ಹೆಚ್ಚಾಗಿ ಕಂಡಮಾತ್ರಕ್ಕೆ ಬೆಲೆ ಏರುವುದೆಂದು ತಿಳಿಯುವುದು ಸಲ್ಲದು.

ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯು 2024ರ ಜುಲೈಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022–23ನೇ ಸಾಲಿನಲ್ಲಿ ಅದೇ ದಿನ ಕೊಂಡು ಮಾರುವ ವಹಿವಾಟಿನಲ್ಲಿ ತೊಡಗಿದ್ದ ಪ್ರತಿ ಹತ್ತು ವ್ಯಕ್ತಿಗಳಲ್ಲಿ ಏಳು ಮಂದಿ ನಷ್ಟ ಅನುಭವಿಸಿದರು. ವರ್ಷಕ್ಕೆ 500ಕ್ಕೂ ಹೆಚ್ಚು ವ್ಯವಹಾರ ನಡೆಸಿದವರಲ್ಲಿ ನಷ್ಟಕ್ಕೊಳಗಾದವರ ಪ್ರಮಾಣ ಶೇ. 80.

ಹೂಡಿಕೆದಾರರು ಗಮನಿಸಬೇಕಾದದ್ದು

ತಾನು ತೆರಲು ಅಥವಾ ಪಡೆಯಲು ಸಿದ್ಧವಿರುವ ಬೆಲೆಯನ್ನು ಸ್ಪಷ್ಟವಾಗಿ ನಮೂದಿಸುವ ‘ಲಿಮಿಟ್ ಆರ್ಡರ್’ ಹೆಚ್ಚು ಸುರಕ್ಷಿತ. ಆ ಬೆಲೆ ದೊರೆಯದಿದ್ದರೆ ವ್ಯವಹಾರ ನಡೆಯದೆ ಉಳಿಯಬಹುದು. ಆದರೆ ನಿರೀಕ್ಷಿಸದ ಬೆಲೆ ತೆರುವ ಪ್ರಸಂಗ ಬಾರದು. ಆದೇಶ ನೀಡುವ ಮುನ್ನ ಎರಡು ಸಾಲುಗಳ ಮೊದಲ ಬೆಲೆಗಳ ನಡುವಿನ ಅಂತರವನ್ನೂ, ಆ ಬೆಲೆಯಲ್ಲಿರುವ ಷೇರುಗಳ ಸಂಖ್ಯೆಯನ್ನೂ ನೋಡಬೇಕು. ವಹಿವಾಟಿನ ನಂತರ 24 ಗಂಟೆಗಳೊಳಗೆ ದಲ್ಲಾಳಿಯು ನೀಡಬೇಕಾದ ಕಾಂಟ್ರ್ಯಾಕ್ಟ್ ನೋಟ್‌ನಲ್ಲಿ ಬೆಲೆ ಹಾಗೂ ಸಮಯವನ್ನು ತಾಳೆ ನೋಡಿಕೊಳ್ಳಬೇಕು. ಅಂಗಳದ ಹೊರಗಿದ್ದವನಿಗೆ ಹಿಂದೆ ಸುಲಭವಾಗಿ ದೊರೆಯದಿದ್ದ ಈ ಪುರಾವೆಯನ್ನು ಬಳಸಿಕೊಳ್ಳುವುದು ಪ್ರತಿಯೊಬ್ಬ ಹೂಡಿಕೆದಾರನ ಹಕ್ಕು. ಅದು ಅವನ ಹೊಣೆಯೂ ಹೌದು.