ಖೊಟ್ಟಿ ನಾಣ್ಯಗಳ ಪರೀಕ್ಷೆ ಮತ್ತು ಸಂಗ್ರಹ

ಸಂಸ್ಕೃತದಲ್ಲಿ ‘ಕೂಟ’ವೆಂದೂ ನಮ್ಮ ಆಡುನುಡಿಯಲ್ಲಿ ‘ಖೊಟ್ಟಿ’ಯೆಂದೂ ಹೆಸರಾದ ನಾಣ್ಯದ ಕಥೆ ಬಹು ಪುರಾತನವಾದುದು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಬೆಳ್ಳಿಯ ಪಣಕ್ಕೆ ನಾಲ್ಕನೆಯ ಒಂದು ಪಾಲು ತಾಮ್ರವನ್ನು ವಿಧಿಸಿ, ನಾಣ್ಯಗಳನ್ನು ಪರೀಕ್ಷಿಸಲು ‘ರೂಪದರ್ಶಕ’ನೆಂಬ ಅಧಿಕಾರಿಯನ್ನು ಹೇಳಿದ್ದಾನೆ. ಕನ್ನಡ ನಾಡಿನ ಪೇಟೆಗಳಲ್ಲಿ ಈ ಕಾರ್ಯವು ಚಿನಿವಾರನದಾಗಿದ್ದಿತು.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತಾಮ್ರದ ಬಿಲ್ಲೆಯೊಂದನ್ನು ತಂದು ನನ್ನ ಮುಂದಿಟ್ಟನು. ಒಂದು ಮುಖದಲ್ಲಿ ಶ್ರೀರಾಮ ಪಟ್ಟಾಭಿಷೇಕ. ಇನ್ನೊಂದರಲ್ಲಿ ಇಂಗ್ಲಿಷ್ ಲಿಪಿಯಲ್ಲಿ ‘ಈಸ್ಟ್ ಇಂಡಿಯಾ ಕಂಪನಿ’, ‘ಅರ್ಧ ಆಣೆ’, ‘1818’. ಅಕ್ಕಿಕಾಳನ್ನು ಸೆಳೆಯುವ ಶಕ್ತಿ ಇದಕ್ಕುಂಟು, ಲಕ್ಷಗಟ್ಟಲೆ ಬೆಲೆ ಬರುವುದು ಎಂಬ ದಲ್ಲಾಳಿಯ ಮಾತನ್ನು ನಂಬಿ ಅವನ ತಂದೆ ಜೋಡೆತ್ತು ಮಾರಿ ಅದನ್ನು ಕೊಂಡಿದ್ದರು. “ಗುರುಗಳೇ, ಇದು ನಿಜವಾದುದೇ?” ಎಂದು ಕೇಳಿದನು.

ಓಲೆಗರಿಯಲ್ಲಿ ಪ್ರಕ್ಷಿಪ್ತ ಪದ್ಯವನ್ನು ಗುರುತಿಸುವ ಬಗೆಯೇ ಇಲ್ಲಿಯೂ ಸಲ್ಲುತ್ತದೆ: ಕಾಲಕ್ಕೆ ಒಪ್ಪದ ಮಾತನ್ನು ಹುಡುಕಬೇಕು. 1818ರಲ್ಲಿ ಕಂಪನಿಯು ಬಂಗಾಳದಲ್ಲಿ ಟಂಕಿಸುತ್ತಿದ್ದ ರೂಪಾಯಿಗಳ ಮೇಲೆ, 1806ರಲ್ಲೇ ತೀರಿಹೋಗಿದ್ದ ಮೊಗಲ ಬಾದಶಹ ಶಾ ಆಲಮನ ಹೆಸರು ಪಾರಸಿಯಲ್ಲಿ ಇರುತ್ತಿತ್ತು. ಇಡೀ ಕಂಪನಿ ರಾಜ್ಯಕ್ಕೆ ಒಂದೇ ಬಗೆಯ ನಾಣ್ಯ ಬಂದುದು 1835ರಲ್ಲಿ. ಇಂತಹ ಬಿಲ್ಲೆಗಳಲ್ಲಿ ‘1616’ ಎಂಬ ಇಸವಿಯೂ ಕಾಣುವುದುಂಟು. ಆಗ ಕಂಪನಿಗೆ ಸೂರತ್ತಿನಲ್ಲಿ ವ್ಯಾಪಾರದ ಕೋಠಿಯಿದ್ದಿತೇ ಹೊರತು ಈ ನಾಡಿನಲ್ಲಿ ಟಂಕಸಾಲೆಯಿರಲಿಲ್ಲ. ಆದರೆ ದೇವರ ಮೂರ್ತಿಯಿದೆಯೆಂದೇ ಖೊಟ್ಟಿಯೆನ್ನಲಾಗದು. ಮದರಾಸಿನಲ್ಲಿ ಕಂಪನಿಯೇ ಹೊಡೆಸಿದ ವರಹಗಳ ಮೇಲೆ ವಿಷ್ಣುವಿನ ರೂಪವಿದ್ದಿತು. ಭಕ್ತರು ಪೂಜೆಗೆಂದು ಇಟ್ಟುಕೊಳ್ಳುವ ರಾಮಟಂಕಿಯೂ ದೋಷವುಳ್ಳದ್ದಲ್ಲ. ಕಂಪನಿಯ ಹೆಸರನ್ನೂ ಇಲ್ಲದ ಇಸವಿಯನ್ನೂ ಹೊತ್ತು ನಾಣ್ಯವೆಂದು ಮಾರಾಟವಾದಾಗಲೇ ಅದು ವಂಚನೆ. ಅಕ್ಕಿ ಸೆಳೆಯುವ ಮಾತನ್ನಂತೂ ವಿಚಾರಿಸಬೇಕಾದುದೇ ಇಲ್ಲ. ತಾಮ್ರವು ಕಬ್ಬಿಣವನ್ನೇ ಸೆಳೆಯದು.

ವಿಕ್ಟೋರಿಯ ರಾಣಿಯ ಬೆಳ್ಳಿ ರೂಪಾಯಿಗೆ ಪರೀಕ್ಷೆ ಬೇರೆ. ಅದರ ತೂಕ ಸರಿಯಾಗಿ ಒಂದು ತೊಲೆ, ಎಂದರೆ 11.66 ಗ್ರಾಂ; ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಸವೆದುದು ಸ್ವಲ್ಪ ತಗ್ಗಬಹುದು. ಹೊಸದರಂತೆ ಹೊಳೆಯುತ್ತಲೂ ಹಗುರವಾಗಿದ್ದರೆ ಸಂಶಯಪಡಬೇಕು. ಮೊದಲು ಅಂಚನ್ನು ನೋಡಿರಿ. ಅಚ್ಚೊತ್ತಿದ ನಾಣ್ಯದ ಅಂಚಿನ ಗೀರುಗಳು ಒಂದೇ ಸಮನಾಗಿರುತ್ತವೆ. ಎರಕ ಹೊಯ್ದುದರಲ್ಲಿ ಅವು ಮಸುಕಾಗಿ, ಎರಡು ಅಚ್ಚುಗಳು ಕೂಡಿದ ಗೆರೆಯೊಂದು ನಡುವೆ ಹಾಯ್ದಿರುತ್ತದೆ. ಭೂತಗನ್ನಡಿಯಲ್ಲಿ ಮುಖದ ಮೇಲೆ ಸೂಜಿಮೊನೆಯಷ್ಟು ಗುಳಿಗಳು ತೋರುತ್ತವೆ. 1940ರಲ್ಲಿ ಸರಕಾರವು ಬೆಳ್ಳಿಯನ್ನು ಅರ್ಧಕ್ಕಿಳಿಸಿದಾಗ, ಖೊಟ್ಟಿಗಾರರನ್ನು ತಡೆಯಲೆಂದು ಅಂಚಿಗೇ ವಿಶೇಷ ಕೆತ್ತನೆಯನ್ನು ತಂದಿತು.

ಸಂಗ್ರಾಹಕರು ಇಂತಹ ಹಳೆಯ ಖೊಟ್ಟಿಗಳನ್ನು ಎಸೆಯದೆ, ನಿಜವಾದ ನಾಣ್ಯದ ಪಕ್ಕದಲ್ಲಿ ಹೆಸರು ಬರೆದು ಇಡುವುದು ಒಳ್ಳೆಯದು. ಕೈಯಲ್ಲಿ ಹಿಡಿದು ಹೋಲಿಸಿದಷ್ಟು ತಿಳಿವು ಪುಸ್ತಕದಿಂದ ಬಾರದು. ಖೊಟ್ಟಿಯೆಂದು ತಿಳಿದೂ ಚಲಾಯಿಸುವುದು ಮಾತ್ರ ಅಪರಾಧ.

ಆ ವಿದ್ಯಾರ್ಥಿಯ ತಂದೆ ಬಿಲ್ಲೆಯನ್ನು ಹಿಂದಕ್ಕೆ ಪಡೆಯಲು ಒಪ್ಪಲಿಲ್ಲ. ಅದು ಈಗ ನನ್ನ ಪೆಟ್ಟಿಗೆಯಲ್ಲಿದೆ. ಚೀಟಿಯಲ್ಲಿ ‘ಖೊಟ್ಟಿ, 1818 ಎಂಬ ಸುಳ್ಳು ಇಸವಿ’ ಎಂದು ಬರೆದು, ಕೆಳಗೆ ‘ಬೆಲೆ: ಒಂದು ಜೊತೆ ಎತ್ತು’ ಎಂದು ಸೇರಿಸಿದ್ದೇನೆ.