ಗಾಳದ ಕೋಲು

ಹೂವಿನಹಡಗಲಿ ತಾಲ್ಲೂಕಿನ ಮಾಗಳ ಗ್ರಾಮವು ತುಂಗಭದ್ರೆಯ ದಡದಲ್ಲಿದೆ. ಈ ನದಿಯ ಬಾಳೆಮೀನು 1 ಮೀಟರಿಗೂ ಹೆಚ್ಚು ಉದ್ದ ಬೆಳೆಯಬಲ್ಲದು. ಅಂಥ ಮೀನು ಗಾಳಕ್ಕೆ ಸಿಕ್ಕಿ ಒಮ್ಮೆಲೇ ಜಗ್ಗಿದಾಗ ದಾರ ಹರಿಯದಂತೆ ಕಾಯುವುದು ಕೋಲಿನ ಕೆಲಸ. ಕೋಲು ದಪ್ಪವಾದಷ್ಟೂ ಒಳ್ಳೆಯದೆಂದು ಹಲವರು ಭಾವಿಸುವುದುಂಟು, ಅದು ಸರಿಯಲ್ಲ. ಬಾಗದ ಕೋಲಿನಲ್ಲಿ ಜಗ್ಗಿದ ಪೆಟ್ಟೆಲ್ಲ ದಾರದ ಮೇಲೆಯೇ ಬೀಳುತ್ತದೆ. ಬಾಗುವ ಕೋಲು ಆ ಪೆಟ್ಟನ್ನು ತಾನು ತಾಳಿಕೊಂಡು ಮೀನನ್ನು ದಣಿಸುತ್ತದೆ.

ಇದಕ್ಕೆ ಒಳಗೆ ಟೊಳ್ಳು ಕಡಮೆಯಿರುವ ಗಟ್ಟಿ ಬಿದಿರು ತಕ್ಕುದು. ಎಳೆಯ ಬಿದಿರು ಒಣಗಿದಾಗ ಸುಕ್ಕುಗಟ್ಟುತ್ತದೆ. 3 ವರ್ಷ ಬಲಿತದ್ದನ್ನು ಕಡಿದು, ಸೀಳು ಬಿಡದಂತೆ ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಡೊಂಕಿದ್ದ ಕಡೆ ಕೆಂಡದ ಮೇಲೆ ಕಾಯಿಸಿ, ನೆಟ್ಟಗೆ ಮಾಡಿ, ಆರುವವರೆಗೆ ಹಿಡಿದಿರಬೇಕು. ಗಿಣ್ಣುಗಳನ್ನು ಸವರುವಾಗ ಎಚ್ಚರ ಅಗತ್ಯ. ಬಿದಿರಿನ ಬಲವಿರುವುದು ಹೊರಮೈಯ ಒತ್ತಾದ ನಾರಿನಲ್ಲಿ. ಅದನ್ನು ಹೆರೆದರೆ ಕೋಲು ಅಲ್ಲಿಯೇ ಮುರಿಯುತ್ತದೆ. ದಾರವನ್ನು ತುದಿಗೆ ಮಾತ್ರ ಕಟ್ಟದೆ ಬುಡದವರೆಗೂ ತಂದು ಬಿಗಿಯುವುದು ಜಾಣತನ. ಆಗ ತುದಿ ಮುರಿದರೂ ಮೀನು ಕೈತಪ್ಪದು.

ಚಳಿಗಾಲದಲ್ಲಿ ಸರೋವರಗಳು ಹೆಪ್ಪುಗಟ್ಟುವ ಫಿನ್ಲೆಂಡ್, ಕೆನಡಾ ದೇಶಗಳಲ್ಲಿ ಮಂಜುಗಡ್ಡೆಯನ್ನು ಕೊರೆದು ಗಾಳ ಇಳಿಬಿಡುತ್ತಾರೆ. ರಂಧ್ರವು ಕಾಲ ಬಳಿಯೇ ಇರುವುದರಿಂದ ಅಲ್ಲಿಯ ಕೋಲು ಸಾಮಾನ್ಯವಾಗಿ 1 ಮೀಟರಿಗಿಂತ ಗಿಡ್ಡ. ಗಿಡ್ಡ ಕೋಲು ಹೆಚ್ಚು ಬಾಗಲಾರದು. ಆದ್ದರಿಂದ ದೊಡ್ಡ ಮೀನು ಜಗ್ಗಿದಾಗ ದಾರವು ತುಸು ತುಸುವಾಗಿ ಬಿಚ್ಚಿಕೊಳ್ಳುವಂತೆ ಬುಡದಲ್ಲಿ ಉರುಳೆಯೊಂದನ್ನು ಜೋಡಿಸಿರುತ್ತಾರೆ.