ಎರಡನೇ ಮದುವೆಗೆ ಮುನ್ನ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಒಂದು ಮನೆಯ ವಿಷಯ ಇನ್ನೊಂದು ಮನೆಗೆ ಗೊತ್ತಾಗಲು ಹೆಚ್ಚು ಹೊತ್ತು ಬೇಡ. ಸಂಗಾತಿಯನ್ನು ಕಳೆದುಕೊಂಡವರು ಮತ್ತೆ ಮದುವೆಯಾಗುವುದಾದರೆ, ಸುದ್ದಿ ಮಕ್ಕಳಿಗೆ ಮೊದಲು ನಿಮ್ಮ ಬಾಯಿಂದಲೇ ತಿಳಿಯಲಿ. ಗಾಂಧಿ ಬಜಾರಿನಲ್ಲಿ ಹೂ ಕೊಳ್ಳುವಾಗ ಯಾರೋ ಹೇಳಿ ಗೊತ್ತಾಗುವುದು ಬೇಡ. ಬ್ರಿಟಿಷ್ ಇಂಡಿಯಾದಲ್ಲಿ ವಿಧವಾ ವಿವಾಹಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1856ರಲ್ಲಿ. ಅದೇ ವಸ್ತುವಿನ ಮೇಲೆ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿ ಬಂದದ್ದು 1899ರಲ್ಲಿ. ನೆಂಟರ ಗೊಣಗಾಟ ಮಾತ್ರ ಇನ್ನೂ ನಿಂತಿಲ್ಲ. ಗೊಣಗಲಿ ಬಿಡಿ.

ಹೋದವರ ಫೋಟೊ ಗೋಡೆಯಲ್ಲೇ ಇರಲಿ. ತಿಥಿಯೂ ನಡೆಯಲಿ. ಮಗು ಹೊಸಬರನ್ನು ಅಮ್ಮ, ಅಪ್ಪ ಎಂದು ಕರೆಯಲೇಬೇಕೆಂಬ ಹಟ ಬೇಡ.

ಕಾಗದಪತ್ರದ ಮಾತನ್ನು ಸಂಕೋಚಪಟ್ಟು ಮುಂದೂಡುವವರೇ ಹೆಚ್ಚು. ಆಮೇಲೆ ಜಗಳ ಹುಟ್ಟುವುದೂ ಅಲ್ಲೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡ ಉಯಿಲು ಬರೆಯದೆ ತೀರಿಕೊಂಡಿದ್ದರೆ ಹೆಂಡತಿ, ಮಕ್ಕಳು, ತಾಯಿಗೆ ಸಮಪಾಲು. ಹೀಗೆ ಬಂದ ಪಾಲು ಆಮೇಲೆ ಮರುಮದುವೆಯಾದರೂ ಕೈಬಿಟ್ಟು ಹೋಗದು. ಆದರೆ ಕುಟುಂಬ ಪಿಂಚಣಿ ನಿಲ್ಲಬಹುದು. ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಅನೇಕರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ಹೆಂಡತಿಯ ಮೊದಲ ಮದುವೆಯ ಮಗುವನ್ನು ದತ್ತು ಪಡೆಯದಿದ್ದರೆ, ಅದು ಮಲತಂದೆಯ ಆಸ್ತಿಗೆ ತಾನಾಗಿಯೇ ವಾರಸುದಾರ ಆಗುವುದಿಲ್ಲ. ಆ ಮಗುವಿಗೂ ಪಾಲು ಸೇರಬೇಕೆಂದಿದ್ದರೆ ಉಯಿಲು ಬರೆಯಿರಿ. ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ. ಬ್ಯಾಂಕು, ಎಲ್‌ಐಸಿ, ಪಿಎಫ್‌ಗಳಲ್ಲಿ ನಾಮಿನಿ ಯಾರೆಂದೂ ನೋಡಿಕೊಳ್ಳಿ. ಎಷ್ಟೋ ಕಡೆ ತೀರಿಕೊಂಡವರ ಹೆಸರೇ ಉಳಿದಿರುತ್ತದೆ.